‘ನಾನು ಬಂದದ್ದು’: ಡೀನ್ ಅಟ್ಟಾ ಕವಿತೆಗಳನ್ನು ಮೈಸೂರು ಕನ್ನಡದಲ್ಲಿ ಓದಿಸುವ ಬಗೆ

ಕಪ್ಪು ಜನರ, ಗೇ ಹುಡುಗರ (ಹುಡುಗರನ್ನೇ ಪ್ರೀತಿಸುವ ಹುಡುಗರ) ಬದುಕನ್ನು ಬರೆಯುವ ಇಂಗ್ಲೆಂಡಿನ ಕವಿ ಡೀನ್ ಅಟ್ಟಾ ಅವರನ್ನು ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಓದಿಸಬೇಕು ಎಂದು ಹೊರಟವರೆಲ್ಲ ಮೊದಲು ಹೆದರುವುದು ‘ಗೇ’ ಎಂಬ ಪದಕ್ಕೆ. ಅದನ್ನು ಕನ್ನಡದಲ್ಲಿ ಏನನ್ನುವುದು, ಕೇಳಿದವರು ನಗುತ್ತಾರಾ, ಮನೆಯವರು ಜಗಳಕ್ಕೆ ಬರುತ್ತಾರಾ. ಹೆದರಿಕೆ ಸುಳ್ಳಲ್ಲ, ಆದರೆ ಅದು ಕೂತಿರುವ ಜಾಗ ತಪ್ಪು. ಕವಿತೆಯನ್ನು ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ಕನ್ನಡ ಮಾಡುತ್ತ ಹೋದರೆ ಕೈಕೊಡುವ ಪದ ‘ಗೇ’ ಅಲ್ಲ, ‘ಕಪ್ಪು’. ಗಂಡು, ಹೆಣ್ಣು, ಪ್ರೀತಿಯ ವಿಷಯದಲ್ಲಿ ಕನ್ನಡದ ವ್ಯಾಕರಣ ನಾವು ಅಂದುಕೊಂಡಿದ್ದಕ್ಕಿಂತ ಧಾರಾಳಿ. ಬಣ್ಣದ ವಿಷಯಕ್ಕೆ ಬಂದಾಗಲೇ ನಮ್ಮ ಪದಗಳೆಲ್ಲ ಮೊದಲೇ ಯಾವುದೋ ಜಾತಿಯ ಜಗುಲಿಯ ಮೇಲೆ ಕೂತಿರುತ್ತವೆ.

ಅಟ್ಟಾ 1984ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ಒಂದು ಕಡೆ ಸೈಪ್ರಸ್‌ನ ಗ್ರೀಕ್ ಮೂಲ, ಇನ್ನೊಂದು ಕಡೆ ಜಮೈಕಾ ಮೂಲ. ಪುಸ್ತಕಕ್ಕಿಂತ ಮೊದಲು ವೇದಿಕೆಯಲ್ಲಿ ಕವಿತೆ ಹೇಳಿ ಹೆಸರಾದವರು. ಈ ಮಾತು ಮುಂದೆ ಬೇಕಾಗುತ್ತದೆ. 2019ರಲ್ಲಿ ಬಂದ ‘ದ ಬ್ಲ್ಯಾಕ್ ಫ್ಲೆಮಿಂಗೊ’ ಹದಿಹರೆಯದವರಿಗಾಗಿ ಬರೆದ ಪದ್ಯ ಕಾದಂಬರಿ. ಕವಿಯಂತೆಯೇ ಗ್ರೀಕ್, ಜಮೈಕಾ ಎರಡೂ ಮೂಲದ ಮೈಕಲ್ ಎಂಬ ಹುಡುಗ ಆರನೇ ಹುಟ್ಟುಹಬ್ಬಕ್ಕೆ ಬಾರ್ಬಿ ಕೇಳುವಲ್ಲಿಂದ ಹಿಡಿದು, ಬ್ರೈಟನ್ನಿನ ವಿಶ್ವವಿದ್ಯಾಲಯಕ್ಕೆ ಹೋಗಿ ಡ್ರ್ಯಾಗ್ (ಗಂಡು ಹೆಣ್ಣಿನ ಗಡಿ ಮೀರಿದ ಉಡುಪು ತೊಟ್ಟು ಆಡುವ ವೇದಿಕೆಯ ಕಲೆ) ಕಲಾವಿದನಾಗಿ ವೇದಿಕೆ ಹತ್ತುವವರೆಗಿನ ಕಥೆ, ಪೂರ್ತಿ ಅವನದೇ ಬಾಯಲ್ಲಿ. 2020ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಬದುಕಿನ ಪುಸ್ತಕಗಳಿಗೆ ಕೊಡುವ ಅಮೆರಿಕದ ಸ್ಟೋನ್‌ವಾಲ್ ಪುಸ್ತಕ ಪ್ರಶಸ್ತಿ ಬಂತು. ಅದೇ ವರ್ಷ ಮಕ್ಕಳ ಸಾಹಿತ್ಯಕ್ಕೆ ಕೊಡುವ ಬ್ರಿಟನ್ನಿನ ಕಾರ್ನೆಗಿ ಪದಕದ ಕೊನೆಯ ಪಟ್ಟಿಯಲ್ಲೂ ಇತ್ತು. 2022ರ ‘ಓನ್ಲಿ ಆನ್ ದ ವೀಕೆಂಡ್ಸ್’ ಕೂಡ ಪದ್ಯದಲ್ಲೇ ಇದೆ: ಮ್ಯಾಕ್ ಎಂಬ ಹುಡುಗ, ಅವನು ಮನಸೋತ ಕರೀಮ್, ಆಮೇಲೆ ಸಿಗುವ ಫಿನ್ಲೆ. ಓದಿಸಲು ಸುರು ಮಾಡುವವರಿಗೆ ಮೊದಲನೆಯದೇ ಸಾಕು. ಪುಸ್ತಕ ದಪ್ಪ ಕಂಡರೂ ಪುಟದ ಮುಕ್ಕಾಲು ಭಾಗ ಬಿಳಿಯೇ ಇರುತ್ತದೆ, ಇಂಗ್ಲಿಷ್ ಹಿಡಿದು ಓದಬಲ್ಲವರು ಎರಡು ಸಂಜೆಯಲ್ಲಿ ಮುಗಿಸುತ್ತಾರೆ.

ಹೆಸರಿನ ಹಕ್ಕಿಯಿಂದಲೇ ಹೊರಡೋಣ. 2015ರ ಏಪ್ರಿಲ್‌ನಲ್ಲಿ ಸೈಪ್ರಸ್‌ನ ಅಕ್ರೋತಿರಿ ಉಪ್ಪುಕೆರೆಯಲ್ಲಿ ಗುಲಾಬಿ ಹಿಂಡಿನ ನಡುವೆ ಒಂದು ಕಪ್ಪು ಫ್ಲೆಮಿಂಗೊ ಕಾಣಿಸಿ ಸುದ್ದಿಯಾಗಿತ್ತು. ಮೈಯಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಅತಿಯಾದಾಗ ಹಾಗಾಗುತ್ತದೆ. ಇನ್ನೊಂದು ಮಾತನ್ನೂ ಓದಿಸುವವರು ತಿಳಿದಿರಬೇಕು: ಫ್ಲೆಮಿಂಗೊ ಗುಲಾಬಿಯಾಗಿ ಹುಟ್ಟುವುದಿಲ್ಲ. ಮರಿ ಬೂದು ಬಣ್ಣದ್ದು. ತಿನ್ನುವ ಪಾಚಿ ಮತ್ತು ಸಣ್ಣ ಸೀಗಡಿಯಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯದಿಂದ ನಿಧಾನಕ್ಕೆ ಗುಲಾಬಿ ಏರುತ್ತದೆ. ಅಂದರೆ ಎಲ್ಲರೂ ಸಹಜ ಅಂದುಕೊಂಡ ಬಣ್ಣ ಊಟದಿಂದ ಬಂದದ್ದು, ವಿಚಿತ್ರ ಅಂದುಕೊಂಡ ಬಣ್ಣ ಹುಟ್ಟಿನಿಂದ ಬಂದದ್ದು. ಇದನ್ನು ಮೊದಲು ಹೇಳಿಟ್ಟರೆ ರೂಪಕವನ್ನು ಬಿಡಿಸಿ ಹೇಳುವ ಕೆಲಸ ತಪ್ಪುತ್ತದೆ, ಹುಡುಗರೇ ಅಲ್ಲಿಗೆ ಹೋಗುತ್ತಾರೆ.

ಫ್ಲೆಮಿಂಗೊಗೆ ಕನ್ನಡದಲ್ಲಿ ‘ರಾಜಹಂಸ’ ಅನ್ನುವ ರೂಢಿ ಉಂಟು. ಇಲ್ಲಿ ಅದನ್ನು ಬಳಸಬೇಡಿ. ಹಂಸ ಎಂದ ಕೂಡಲೇ ಹಾಲು ನೀರು ಬೇರೆ ಮಾಡುವ ಹಕ್ಕಿ, ಸರಸ್ವತಿಯ ವಾಹನ, ದಮಯಂತಿಯ ದೂತ ಎಲ್ಲರೂ ಒಟ್ಟಿಗೆ ಬಂದು ಕೂರುತ್ತಾರೆ, ಮೈಕಲ್‌ಗೆ ಜಾಗವೇ ಉಳಿಯುವುದಿಲ್ಲ. ‘ಕಪ್ಪು ಫ್ಲೆಮಿಂಗೊ’ ಎಂದೇ ಇರಲಿ. ಹಕ್ಕಿ ಹೇಗಿರುತ್ತದೆ ಎಂದು ಕೇಳಿದರೆ ಮಂಡ್ಯದವರಿಗೆ ತೋರಿಸಲು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೆ. ಅಲ್ಲಿನ ಬಣ್ಣದ ಕೊಕ್ಕರೆಯ ಬಾಲದ ಹತ್ತಿರ ಗುಲಾಬಿ ಗರಿ ಇರುತ್ತದೆ, ಅದರ ಮರಿಯೂ ಮೊದಲು ಮಾಸಲು ಬಣ್ಣದ್ದೇ. ಹೋಲಿಕೆಗೆ ಅಷ್ಟು ಸಾಕು. ಅನುವಾದದಲ್ಲಿ ಮಾತ್ರ ಕೊಕ್ಕರೆಯನ್ನು ತಂದು ಕೂರಿಸಬಾರದು.

ಬಾರ್ಬಿಯದೂ ಇದೇ ಕಥೆ. ‘ಗೊಂಬೆ’ ಎಂದು ಬರೆದರೆ ಮೈಸೂರಿನಲ್ಲಿ ಅರ್ಥವೇ ಜಾರಿಹೋಗುತ್ತದೆ. ನವರಾತ್ರಿಯ ಒಂಬತ್ತು ದಿನ ಇಲ್ಲಿ ಎಷ್ಟೋ ಮನೆಯ ಗಂಡುಮಕ್ಕಳೂ ಪಟ್ಟದ ಗೊಂಬೆಗೆ ಸೀರೆ ಸುತ್ತುತ್ತಾರೆ, ಮೆಟ್ಟಿಲು ಜೋಡಿಸುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಆರು ವರ್ಷದ ಮೈಕಲ್ ಕೇಳಿದ್ದು ಬೇರೆ. ಅಂಗಡಿಯ ಗುಲಾಬಿ ಸಾಲಿನಲ್ಲಿರುವ, ಹುಡುಗರು ಕೈ ಚಾಚಬಾರದೆಂದು ಎಲ್ಲರಿಗೂ ಗೊತ್ತಿರುವ ಪೆಟ್ಟಿಗೆ. ಅವನಿಗೆ ಸಿಕ್ಕಿದ್ದು ನಿಂಜಾ ಆಮೆ. ಆದ್ದರಿಂದ ಬಾರ್ಬಿ ಬಾರ್ಬಿಯಾಗಿಯೇ ಇರಲಿ. ಆದರೆ ಮಾತುಕತೆಗೆ ಗೊಂಬೆ ಹಬ್ಬ ಒಳ್ಳೆಯ ಬಾಗಿಲು. ಒಂಬತ್ತು ದಿನ ತಪ್ಪಿಲ್ಲದ್ದು ಹತ್ತನೇ ದಿನ ಹೇಗೆ ತಪ್ಪಾಗುತ್ತದೆ ಎಂದು ಕೇಳಿ ಸುಮ್ಮನಿದ್ದುಬಿಡಿ.

ಈಗ ವ್ಯಾಕರಣ. ಕನ್ನಡ ನಮಗೆ ಕೊಟ್ಟಿರುವ ದೊಡ್ಡ ಅನುಕೂಲ ಉತ್ತಮ ಪುರುಷ. ಹಿಂದಿಯಲ್ಲಿ ‘ನಾನು ಬಂದೆ’ ಎನ್ನುವಷ್ಟರಲ್ಲೇ ಗಂಡೋ ಹೆಣ್ಣೋ ಹೇಳಿಬಿಡಬೇಕು: ಆಯಾ, ಆಯೀ. ಕನ್ನಡದಲ್ಲಿ ‘ಬಂದೆ’ ಅಷ್ಟೇ. ‘ನೀನು ಬಂದೆ’ ಎಂಬುದಕ್ಕೂ ಲಿಂಗವಿಲ್ಲ. ಕಥೆ ಹೇಳುವವನು ‘ನಾನು’, ಪ್ರೀತಿಸುವುದು ‘ನಿನ್ನನ್ನು’. ಇಡೀ ಪ್ರೇಮಪದ್ಯ ಯಾರು ಯಾರಿಗೆ ಹೇಳಿದ್ದೆಂದು ಹೇಳದೆಯೇ ನಡೆದುಬಿಡುತ್ತದೆ. ಇಂಥ ಒಂದು ಪದ್ಯವನ್ನು ಕವಿಯ ಹೆಸರಾಗಲಿ ಕಥೆಯಾಗಲಿ ಹೇಳದೆ ಮೊದಲು ಓದಿ, ಆಮೇಲೆ ಹೇಳಿ. ಕೇಳಿದವರು ತಾವು ಕಲ್ಪಿಸಿಕೊಂಡ ಜೋಡಿಯನ್ನು ತಾವೇ ತಿದ್ದಿಕೊಳ್ಳಬೇಕಾಗುತ್ತದೆ. ಅರ್ಧ ಗಂಟೆಯ ಭಾಷಣಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಅನುಕೂಲ ಕೈತಪ್ಪುವುದು ಬಾಲದಲ್ಲಿ. ಪುಸ್ತಕದಲ್ಲಿ ‘ನಾನು ಎಲ್ಲಿಂದ ಬಂದೆ’ ಎಂದು ಪಟ್ಟಿ ಮಾಡುತ್ತ ಹೋಗುವ ಪ್ರಸಿದ್ಧ ಪದ್ಯವೊಂದಿದೆ. ಇಂಗ್ಲಿಷ್, ಜಮೈಕನ್, ಗ್ರೀಕ್, ಮೂರು ಅಡುಗೆಮನೆಗಳ ತಿಂಡಿಗಳು ಒಂದರ ಹಿಂದೊಂದು ಬರುತ್ತವೆ. ಕನ್ನಡಕ್ಕೆ ತರುವವರೆಲ್ಲ ಮೊದಲ ಕರಡಿನಲ್ಲಿ ಬರೆಯುವುದು ‘ನಾನು ಇಂಥಲ್ಲಿಂದ ಬಂದವನು’. ಅಲ್ಲಿಗೆ ಲಿಂಗ ಒಳಗೆ ನುಸುಳಿತು. ಬಂದವನು, ಬಂದವಳು, ಬಂದವರು ಎಂಬ ಮೂರರಲ್ಲಿ ಒಂದನ್ನು ಆರಿಸಲೇಬೇಕು. ಮೈಕಲ್‌ಗೆ ‘ಬಂದವನು’ ತಪ್ಪೇನಲ್ಲ. ಆದರೆ ಅದೇ ಪದ್ಯದ ಅಚ್ಚಿನಲ್ಲಿ ಓದಿಸುವ ದಿನ ತಮ್ಮ ಪದ್ಯ ಬರೆಯಲು ಕೂತ ಹದಿನೈದು ಜನ ಆ ಬಾಲವನ್ನು ಹೊತ್ತೇ ಬರೆಯಬೇಕಾಗುತ್ತದೆ. ‘ನಾನು ಬಂದದ್ದು’ ಎಂದು ಮಾಡಿ, ಬಾಲ ಉದುರುತ್ತದೆ. ಇಲ್ಲವೇ ‘ಇಂದ ಬಂದೆ’ ಎಂದು ಸಾಲಿನ ಕೊನೆಗೆ ತನ್ನಿ.

ಎರಡನೆಯ ದಾರಿಯೇ ನನಗೆ ಹೆಚ್ಚು ಸರಿ ಅನಿಸುವುದು, ಕಾರಣವೂ ಇದೆ. ಇಂಗ್ಲಿಷಿನಲ್ಲಿ ಪುನರುಕ್ತಿ ಸಾಲಿನ ತಲೆಯಲ್ಲಿರುತ್ತದೆ. ಕನ್ನಡ ಕ್ರಿಯಾಪದ ಕೊನೆಗೆ ಬರುವ ಭಾಷೆ, ನಮ್ಮ ಕಿವಿ ಪುನರುಕ್ತಿಯನ್ನು ಸಾಲಿನ ಕಾಲಲ್ಲಿ ಕಾಯುತ್ತದೆ. ವಚನಗಳಲ್ಲಿ, ಜನಪದ ಗೀತೆಗಳಲ್ಲಿ ಹೊಡೆತ ಬೀಳುವುದು ಅಲ್ಲೇ. ಮಾದರಿಗೆ ಇಲ್ಲಿಯದೇ ನಾಲ್ಕು ಸಾಲು:

ಬಸ್ಸಾರು ಮುದ್ದೆಯ ಬಿಸಿಯಿಂದ ಬಂದೆ
ಆಲೆಮನೆಯ ಹೊಗೆ ಹತ್ತಿದ ಅಂಗಿಯಿಂದ ಬಂದೆ
ನಾಲೆ ನೀರು ಬಿಟ್ಟ ದಿನದ ಗಲಾಟೆಯಿಂದ ಬಂದೆ
ಅಪ್ಪ ಹೇಳದೆ ಬಿಟ್ಟ ಮಾತಿಂದ ಬಂದೆ

ತಿನ್ನುವ ವಸ್ತು, ಮುಟ್ಟುವ ವಸ್ತು, ಊರಿನ ಸದ್ದು, ಕೊನೆಗೆ ಮನೆಯ ಮೌನ. ಈ ಕ್ರಮ ಸುಮ್ಮನೆ ಅಲ್ಲ. ಮೊದಲ ಸಾಲಿಗೇ ‘ನಿನ್ನ ಅಸ್ಮಿತೆಯ ಬಗ್ಗೆ ಬರೆ’ ಎಂದರೆ ಬರುವುದು ಪ್ರಬಂಧ, ‘ನಾನು ಒಬ್ಬ ಹೆಮ್ಮೆಯ ಕನ್ನಡಿಗ’ ಎಂದು ಸುರುವಾಗಿ ಅಲ್ಲೇ ಮುಗಿಯುತ್ತದೆ. ‘ಅಸ್ಮಿತೆ’ ಎಂಬ ಪದವೇ ಹದಿನಾರರ ಬಾಯಲ್ಲಿ ಹೊರಳುವುದಿಲ್ಲ. ಆರು ತಿಂಡಿ, ಮೂರು ಸದ್ದು, ಮನೆಯಲ್ಲಿ ಯಾವಾಗಲೂ ಹೇಳುವ ಎರಡು ಮಾತು, ಯಾರೂ ಹೇಳದ ಒಂದು ಮಾತು. ಇಷ್ಟನ್ನು ಮೊದಲು ಬರಿ ಪಟ್ಟಿಯಾಗಿ ಬರೆಸಿ, ಹನ್ನೆರಡರಲ್ಲಿ ಐದನ್ನು ಹೊಡೆದುಹಾಕಲು ಹೇಳಿ. ಉಳಿದ ಏಳೇ ಪದ್ಯ. ಕೊನೆಯ ಆ ಒಂದು ಮಾತನ್ನು ಬರೆಯದಿದ್ದರೂ ನಡೆಯುತ್ತದೆ, ಒತ್ತಾಯ ಬೇಡ.

‘ಆಗಿದ್ದೇನೆ’ ಎಂಬುದು ಇನ್ನೊಂದು ಗುಂಡಿ. ಇಂಗ್ಲಿಷಿನ ಸಾಲಿಗೆ ಕ್ರಿಯಾಪದ ಬೇಕೇ ಬೇಕು, ಕನ್ನಡಕ್ಕೆ ಬೇಕಿಲ್ಲ. ‘ನಾನು ಕಪ್ಪು’, ‘ನಾನು ಗೇ’, ಮುಗಿಯಿತು. ‘ನಾನು ಗೇ ಆಗಿದ್ದೇನೆ’ ಎಂದರೆ ನೆಗಡಿ ಆಗಿದೆ ಎಂದಂತೆ, ಮೊದಲು ಇರಲಿಲ್ಲ ಈಗ ಆಯಿತು ಎಂಬ ಧ್ವನಿ ಹೊರಡುತ್ತದೆ. ಇಡೀ ಪುಸ್ತಕ ಹೇಳುತ್ತಿರುವುದಕ್ಕೆ ತದ್ವಿರುದ್ಧ! ಕರಡು ಮುಗಿದ ಮೇಲೆ ‘ಆಗಿ’ ಇರುವ ಕಡೆಯೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಪ್ರತಿಯೊಂದನ್ನೂ ತೆಗೆದು ಓದಿ ನೋಡಿ. ಬಹಳಷ್ಟು ಬೇಕಾಗುವುದಿಲ್ಲ.

ನಿರಾಕರಣೆಯಲ್ಲಿ ಮಾತ್ರ ಕನ್ನಡ ಶ್ರೀಮಂತ. ಇಲ್ಲದ್ದಕ್ಕೆ ‘ಇಲ್ಲ’, ಬೇರೆ ಆಗಿರುವುದಕ್ಕೆ ‘ಅಲ್ಲ’. ‘ನಾನು ಅದಲ್ಲ’ ಎಂಬ ಮಾತಿಗೇ ಒಂದು ಪದವನ್ನು ಮೀಸಲಿಟ್ಟ ಭಾಷೆ ಇದು. ಅಟ್ಟಾ ಅವರ ಎಷ್ಟೋ ಸಾಲುಗಳ ಬೆನ್ನುಮೂಳೆ ಈ ‘ಅಲ್ಲ’. ಹಾಗೆಯೇ ‘ಬೇಡ’. ಗೇ ಎಂದು ಹೇಳಿಕೊಳ್ಳುವುದು ಹೇಗೆ ಎಂದು ಸೂಚನೆಗಳ ರೂಪದಲ್ಲಿ ಬರೆದ ಪದ್ಯವೊಂದು ಕಾದಂಬರಿಯಲ್ಲಿದೆ. ಅದರ ಮೊದಲ ಸೂಚನೆ, ನಿನಗೆ ಮನಸ್ಸಿಲ್ಲದೆ, ಬೇರೆಯವರ ಸಲುವಾಗಿ ಹೇಳಬೇಡ ಎಂಬುದು. ಕನ್ನಡದಲ್ಲಿ ‘ಬೇಡ.’ ಎಂದು ಒಂದೇ ಪದದ ಸಾಲು ಮಾಡಬಹುದು, ಮೂಲಕ್ಕಿಂತ ಮೃದುವಾಗಿಯೂ ಕೇಳುತ್ತದೆ. ಇಲ್ಲಿ ಆಗುವ ಅನಾಹುತ ‘ಹೇಳಬಾರದು’ ಎಂದು ಬರೆಯುವುದು. ಹೇಳಬೇಡ ಎನ್ನುವುದು ಅಕ್ಕರೆ, ಹೇಳಬೇಕಿಲ್ಲ ಎನ್ನುವುದು ಬಿಡುವು, ಹೇಳಬಾರದು ಎನ್ನುವುದು ಅಪ್ಪಣೆ. ಕೋಣೆಯಲ್ಲಿ ಕೂತ ಒಬ್ಬರಿಗಾದರೂ ಈ ಮೂರರ ವ್ಯತ್ಯಾಸ ವ್ಯಾಕರಣದ ವಿಷಯವಾಗಿರುವುದಿಲ್ಲ.

‘ಹೊರಬರುವುದು’ ಎಂಬ ಅನುವಾದವೂ ಚಾಲ್ತಿಯಲ್ಲಿದೆ. ನಮ್ಮಲ್ಲಿ ಹೊರಬರುವುದು ಜೈಲಿನಿಂದ, ಇಲ್ಲ ಮನೆಯಿಂದ. ‘ಹೇಳಿಕೊಳ್ಳುವುದು’ ಸರಿಯಾದ ಮಾತು, ಅದರಲ್ಲಿರುವ ‘ಕೊಳ್ಳು’ ತನಗಾಗಿ ಮಾಡುವ ಕೆಲಸವನ್ನು ತೋರಿಸುತ್ತದೆ. ಹುಡುಗರ ಮಾತಿನಲ್ಲಿ ಇನ್ನೂ ಸರಳ: ‘ಮನೇಲಿ ಹೇಳೋದು’.

ಮೂರನೆಯವರ ಬಗ್ಗೆ ಮಾತಾಡುವಾಗಲೇ ಕನ್ನಡ ಗಂಟುಮೋರೆ ಹಾಕುವುದು: ಬಂದ, ಬಂದಳು, ಬಂತು. ‘ಓನ್ಲಿ ಆನ್ ದ ವೀಕೆಂಡ್ಸ್’ನ ಫಿನ್ಲೆ ಟ್ರಾನ್ಸ್ ಹುಡುಗ, ಹುಟ್ಟಿದಾಗ ಹೆಣ್ಣೆಂದು ಬರೆಸಿದವನು, ಅಂದರೆ ಹುಡುಗ. ‘ಅವನು ಬಂದ’ ಎನ್ನುವುದರಲ್ಲಿ ಗೊಂದಲವೇ ಇಲ್ಲ, ಆದರೂ ಕರಡುಗಳಲ್ಲಿ ಅವನ ಹಳೆಯ ಕಥೆ ಬರುವ ಕಡೆ ‘ಅವಳು’ ನುಸುಳುತ್ತದೆ, ಹುಡುಕಿ ತೆಗೆಯಬೇಕು. ಎರಡೂ ಅಲ್ಲ ಎನ್ನುವ ಪಾತ್ರಕ್ಕೆ ‘ಅವರು’ ಸಿದ್ಧವಾಗಿದೆ, ಆದರೆ ಹದಿನೇಳು ವರ್ಷದ ಗೆಳೆಯರ ನಡುವೆ ‘ಅವರು ಬಂದರು’ ಎಂದರೆ ಮೇಷ್ಟ್ರು ಬಂದಂತಾಗುತ್ತದೆ. ‘ಬಂದದ್ದು ತಡವಾಗಿ’, ‘ಬರೋದು ಕಾಣಿಸ್ತು’ ಎಂಬ ರೂಪಗಳು ಇಲ್ಲಿ ಒದಗುತ್ತವೆ, ಹೆಸರನ್ನೇ ಮತ್ತೆ ಮತ್ತೆ ಬಳಸಿದರೂ ಕನ್ನಡದ ಕಿವಿಗೆ ಭಾರವಾಗುವುದಿಲ್ಲ. ‘ಅದು’ ಮಾತ್ರ ಬೇಡವೇ ಬೇಡ. ನಮ್ಮ ಕಡೆ ‘ಅಜ್ಜಿ ಬಂತು’, ‘ಅಕ್ಕ ಹೇಳ್ತು’ ಎನ್ನುವುದರಲ್ಲಿ ಪ್ರೀತಿ ಇದೆ, ನಿಜ. ಆದರೆ ಲಿಂಗತ್ವ ಅಲ್ಪಸಂಖ್ಯಾತರನ್ನು ಬೀದಿಯಲ್ಲಿ ‘ಅದು’ ಎಂದು ಕರೆಯುವಾಗ ಆ ಪ್ರೀತಿ ಇರುವುದಿಲ್ಲ.

ಮಾತಿನ ಬಾಲಗಳನ್ನೂ ಸುತ್ತು ಹಾಕಬೇಕು. ‘ನೀನು’ಗೆ ಲಿಂಗವಿಲ್ಲದಿದ್ದರೂ ಕಣೋ, ಕಣೇ, ಮಂಡ್ಯದ ಕಣ್ಲಾ, ಕಣಮ್ಮಿ ಎಲ್ಲಕ್ಕೂ ಇದೆ. ಅಟ್ಟಾ ಅವರ ಹುಡುಗರ ಸಂಭಾಷಣೆಗೆ ಜೀವ ಬರಲಿ ಎಂದು ಇವನ್ನು ಸೇರಿಸುವುದು ಸಹಜ. ಯಾರು ಯಾರಿಗೆ ಯಾವ ಬಾಲ ಹಚ್ಚುತ್ತಾರೆ ಎಂಬುದೇ ಆಗ ಕಥೆಯಾಗಿಬಿಡುತ್ತದೆ. ಇದಕ್ಕೆ ಮದ್ದನ್ನು ಕಾಲೇಜು ಹುಡುಗಿಯರೇ ಕಂಡುಕೊಂಡಿದ್ದಾರೆ: ಅವರೂ ಒಬ್ಬರನ್ನೊಬ್ಬರು ‘ಮಗಾ’ ಎಂದೇ ಕೂಗುವುದು. ಪಂಡಿತರು ಒಪ್ಪದಿದ್ದರೂ ‘ಮಗಾ’ ಈಗ ಸ್ತ್ರೀಲಿಂಗವೂ ಅಲ್ಲ, ಪುಲ್ಲಿಂಗವೂ ಅಲ್ಲ. ಒಂದು ಎಚ್ಚರಿಕೆ, ಮಂಡ್ಯದ ಭಾಷೆಯನ್ನು ಸಿನಿಮಾ ಹಾಸ್ಯಪಾತ್ರಕ್ಕೆ ಎಷ್ಟು ಬಳಸಿದೆಯೆಂದರೆ ದುಃಖದ ಸಾಲಿನಲ್ಲಿ ‘ಕಣ್ಲಾ’ ಬಂದರೆ ಮೈಸೂರಿನ ಹುಡುಗರು ನಗುತ್ತಾರೆ. ಮಂಡ್ಯದಲ್ಲಿ ನಗುವುದಿಲ್ಲ. ಓದುವ ಊರು ನೋಡಿ ಬಾಲ ಹಚ್ಚಿ.

ಊರಿನ ವಿಷಯ ಬಂದಾಗ ಇದೂ ಇರಲಿ. ಮಂಡ್ಯದ ಕಡೆ ‘ಗೇಯೋದು’ ಎಂದರೆ ಹೊಲದಲ್ಲಿ ದುಡಿಯುವುದು, ‘ಗೇಯ್ಮೆ’ ಅನ್ನ ಹುಟ್ಟಿಸುವ ಕೆಲಸ. ‘ಗೇ’ ಎಂದ ಕೂಡಲೇ ಹಿಂದಿನ ಬೆಂಚಿನಿಂದ ಬರುವ ನಗು ಕೆಲವೊಮ್ಮೆ ಇಷ್ಟಕ್ಕೇ. ಅದನ್ನು ಅವಮಾನ ಎಂದು ತಿಳಿದು ಗದರಿಸಿದರೆ ಅಲ್ಲಿಂದ ಮುಂದೆ ಕವಿತೆ ನಡೆಯುವುದಿಲ್ಲ. ನೀವೂ ನಕ್ಕು ಮುಂದೆ ಹೋಗಿ. ‘ಸಲಿಂಗಕಾಮಿ’ ಎಂಬ ಪತ್ರಿಕೆಯ ಪದಕ್ಕಿಂತ ‘ಗೇ’ ವಾಸಿ. ಆ ಪದದಲ್ಲಿರುವ ‘ಕಾಮ’, ಆರು ವರ್ಷದ ಹುಡುಗನ ಬಾರ್ಬಿಯಿಂದ ಸುರುವಾಗುವ ಕಥೆಯನ್ನು ಮೊದಲ ಪುಟದಲ್ಲೇ ಕೆಡಿಸುತ್ತದೆ. ಕನ್ನಡವೇ ಬೇಕೆಂದರೆ ‘ಸಲಿಂಗಪ್ರೇಮ’.

ಡ್ರ್ಯಾಗ್‌ಗೆ ‘ಸ್ತ್ರೀವೇಷ’ ಎನ್ನಬಹುದೇ? ಬೇಡ. ಕಂಪನಿ ನಾಟಕದಲ್ಲಿ, ಯಕ್ಷಗಾನದಲ್ಲಿ ಗಂಡಸರು ಹೆಣ್ಣಾಗಿ ಆಡಿದ ದೊಡ್ಡ ಪರಂಪರೆ ನಮ್ಮದು, ಹೆಮ್ಮೆಯಿಂದ ಹೇಳಿ. ಆದರೆ ಸ್ತ್ರೀವೇಷದ ಕಲಾವಿದ ದ್ರೌಪದಿಯ ಹಿಂದೆ ಮರೆಯಾಗಬೇಕು, ಮರೆಯಾದಷ್ಟೂ ಮೆಚ್ಚುಗೆ. ಡ್ರ್ಯಾಗ್‌ನಲ್ಲಿ ಪಾತ್ರ, ಹೆಸರು, ಉಡುಪು, ಮಾತು ಎಲ್ಲ ಕಲಾವಿದರದೇ ಸೃಷ್ಟಿ, ವೇಷದೊಳಗಿನ ಮನುಷ್ಯ ಕಾಣಲಿ ಎಂಬುದೇ ಆಟ. ಮೈಕಲ್ ಕಪ್ಪು ಫ್ಲೆಮಿಂಗೊ ಆಗುವುದು ಇನ್ನೊಬ್ಬರಾಗಲು ಅಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ, ಒಂದರ ಹೆಸರನ್ನು ಇನ್ನೊಂದಕ್ಕೆ ಇಡಬೇಡಿ. ಇದೇ ಕಾರಣಕ್ಕೆ ದೇವರ ದಾಸಿಮಯ್ಯನ ಆ ವಚನವನ್ನು, ನಡುವೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎನ್ನುವುದನ್ನು, ಮೊದಲೇ ತಂದು ‘ನಮ್ಮಲ್ಲಿ ಆಗಲೇ ಹೇಳಿದ್ದಾರೆ’ ಎಂದು ಮುಗಿಸುವವರ ಬಗ್ಗೆ ನನಗೆ ಸ್ವಲ್ಪ ಅಸಹನೆ. ದಾಸಿಮಯ್ಯ ದೇಹವನ್ನು ದಾಟಿ ಮಾತಾಡುತ್ತಿದ್ದಾನೆ, ಅಟ್ಟಾ ದೇಹದಲ್ಲೇ ನಿಂತು. ವಚನವನ್ನು ಕೊನೆಯಲ್ಲಿ ಓದಿ, ವ್ಯತ್ಯಾಸ ಕೇಳಿ.

ಇನ್ನು ನಿಜವಾದ ಕಷ್ಟ. ಇಂಗ್ಲಿಷಿನ ‘ರೇಸ್’ಗೆ ಪಠ್ಯಪುಸ್ತಕದ ಕನ್ನಡ ‘ಜನಾಂಗ’. ಆದರೆ ಮೈಸೂರು ಮಂಡ್ಯದಲ್ಲಿ ‘ನಿಮ್ಮದು ಯಾವ ಜನಾಂಗ?’ ಎಂದರೆ ಕೇಳುತ್ತಿರುವುದು ಜಾತಿ. ‘ವರ್ಣ’ ಎಂದರೆ ಚಾತುರ್ವರ್ಣ್ಯ ಎದ್ದು ಬರುತ್ತದೆ. ‘ವರ್ಣಭೇದ’ ದಕ್ಷಿಣ ಆಫ್ರಿಕಾದ ಪಾಠಕ್ಕೆ ಅಂಟಿಕೊಂಡಿದೆ. ಉಳಿದದ್ದು ‘ಬಣ್ಣ’. ಅಲ್ಲಿಯೂ ವಧುವರರ ಜಾಹೀರಾತು ಕಾದು ಕೂತಿದೆ: ಗೋಧಿ ಬಣ್ಣ, ಎಣ್ಣೆಗೆಂಪು, ಎಣ್ಣೆಗಪ್ಪು, ಸಾದಗಪ್ಪು. ನಾವು ‘ಕಪ್ಪು’ ಎಂದಾಗ ಕೇಳುವವರು ಮೈಬಣ್ಣ ಎಂದುಕೊಳ್ಳುತ್ತಾರೆ, ಫೇರ್‌ನೆಸ್ ಕ್ರೀಮಿನ ವಿರುದ್ಧದ ಕವಿತೆ ಎಂದುಕೊಂಡು ತಲೆದೂಗುತ್ತಾರೆ. ಮೈಕಲ್‌ನ ಕಪ್ಪು ಅಷ್ಟು ಮಾತ್ರವಲ್ಲ. ಗುಲಾಮಗಿರಿಯಿಂದ ಕೆರಿಬಿಯನ್‌ಗೆ, ಅಲ್ಲಿಂದ ಲಂಡನ್ನಿಗೆ ಬಂದ ಒಂದು ಜನದ ಹೆಸರು ಅದು. ಮನೆಯಲ್ಲೇ ಬೇರೆ ಬೇರೆ ಬಣ್ಣದ ಅಮ್ಮ ಮಗ ಇದ್ದಾಗ ಆ ಹೆಸರು ಯಾರದು ಎಂಬುದೂ ಪ್ರಶ್ನೆ.

ಮಾಡಬೇಕಾದದ್ದು ಇಷ್ಟು. ಜನದ ಹೆಸರಾಗಿ ಬಂದಲ್ಲಿ ‘ಕಪ್ಪು ಜನ’, ‘ಕಪ್ಪು ಹುಡುಗ’ ಎಂದು ನಾಮಪದದ ಜೊತೆಗೇ ಬರೆಯಿರಿ. ಚರ್ಮದ ವರ್ಣನೆಯಾಗಿ ಬಂದಲ್ಲಿ ‘ಮೈಬಣ್ಣ’ ಎಂಬ ಪದವನ್ನೇ ಬಳಸಿ. ಮೂಲದಲ್ಲಿ ಒಂದೇ ಪದ ಎರಡೂ ಕೆಲಸ ಮಾಡುವ ಸಾಲಿಗೆ ಮಾತ್ರ ಬರಿ ‘ಕಪ್ಪು’. ‘ಕರಿಯ’ ಬೇಡ. ಕರೀಗೌಡ, ಕರಿಯಮ್ಮ, ಕರಿಯಪ್ಪ ಇರುವ ಜಿಲ್ಲೆಯಲ್ಲಿ ಅದು ದೇವರ ಹೆಸರೂ ಹೌದು, ರೇಗಿಸುವ ಹೆಸರೂ ಹೌದು, ಎರಡೂ ಇಲ್ಲಿಗೆ ಹೊಂದುವುದಿಲ್ಲ. ‘ನೀಗ್ರೋ’ ಹಳೆಯ ಅನುವಾದಗಳಲ್ಲಿ ಧಾರಾಳವಾಗಿದೆ, ಅಲ್ಲೇ ಇರಲಿ. ಕನ್ನಡ ಮಾತಾಡುವ ಕಪ್ಪು ಜನ ಇದ್ದಾರಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಗಳು, ಆಫ್ರಿಕಾ ಮೂಲದವರು, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವರು. ಆ ಉತ್ತರ ಕೊಟ್ಟ ಮೇಲೆ ಕವಿತೆ ಲಂಡನ್ನಿನದಾಗಿ ಉಳಿಯುವುದಿಲ್ಲ.

ಅಟ್ಟಾ ಅವರ ಮೊದಲ ಸಂಕಲನ 2013ರದು, ಅದರ ಶೀರ್ಷಿಕೆಯಲ್ಲೇ ಕಪ್ಪು ಜನರಿಗೆ ಬಳಸುವ ಆ ಬೈಗುಳವಿದೆ. ಶೀರ್ಷಿಕೆಯ ಕವಿತೆ 2012ರ ಜನವರಿಯಲ್ಲಿ ಹೊರಬಂದು ಹರಡಿತು, 1993ರಲ್ಲಿ ಲಂಡನ್ನಿನ ಬಸ್ ನಿಲ್ದಾಣದ ಬಳಿ ಕೊಲೆಯಾದ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನ ಪ್ರಕರಣದಲ್ಲಿ ಇಬ್ಬರಿಗೆ ಶಿಕ್ಷೆಯಾದ ಹೊತ್ತಿನಲ್ಲಿ. ಕೊಂದವರ ಬಾಯಲ್ಲಿದ್ದ ಪದವನ್ನು ಹಾಡಿನಲ್ಲಿ ಕಪ್ಪು ಜನರೇ ಮುದ್ದಿಗೆ ಬಳಸುವುದೇಕೆ ಎಂಬುದು ಅದರ ಸಿಟ್ಟು. ಇದನ್ನು ಕನ್ನಡ ಮಾಡುವಾಗ ಆಗುವ ದೊಡ್ಡ ತಪ್ಪು, ಬೈಗುಳದ ಜಾಗಕ್ಕೆ ನಮ್ಮದೊಂದು ಜಾತಿ ಬೈಗುಳ ಇಡುವುದು. ಚುರುಕು ಮುಟ್ಟುತ್ತದೆ ಎಂಬುದು ಸಮರ್ಥನೆ. ಮುಟ್ಟುವುದು ಯಾರಿಗೆ? ಅದೇ ಕೋಣೆಯಲ್ಲಿ ಆ ಪದವನ್ನು ಕೇಳಿಸಿಕೊಂಡೇ ಬೆಳೆದವರಿಗೆ. ಪರಿಶಿಷ್ಟರನ್ನು ಜನರೆದುರು ಜಾತಿ ಹೆಸರು ಹಿಡಿದು ನಿಂದಿಸುವುದನ್ನು 1989ರ ದೌರ್ಜನ್ಯ ತಡೆ ಕಾಯ್ದೆ ಅಪರಾಧ ಎಂದು ಕರೆದಿರುವ ದೇಶದಲ್ಲಿ ಅದನ್ನು ಅನುವಾದದ ಅಲಂಕಾರವಾಗಿ ಬಳಸುವುದು ಸೋಮಾರಿತನ. ಪದದ ಜಾಗದಲ್ಲಿ ಉದ್ದ ಗೆರೆ ಎಳೆಯಿರಿ. ಗಟ್ಟಿಯಾಗಿ ಓದುವಾಗ ಅಲ್ಲಿ ಒಂದು ಉಸಿರು ನಿಲ್ಲಿಸಿ. ಕೆಳಗೆ ಮೂರು ವಾಕ್ಯದ ವಿವರಣೆ ಸಾಕು. ನಮ್ಮ ದಲಿತ ಕವಿಗಳು ಬೈಗುಳವನ್ನು ಹಿಡಿದು ತಿರುಗಿಸಿದ ರೀತಿ ಗೊತ್ತಿದ್ದವರಿಗೆ ಹೋಲಿಕೆ ತಾನಾಗಿ ಹೊಳೆಯುತ್ತದೆ.

ಸಾಲು ಮುರಿಯುವುದಕ್ಕೂ ಸ್ವಲ್ಪ ತಾಳ್ಮೆ ಬೇಕು. ವಿಭಕ್ತಿ, ಕಾಲ, ನಿಷೇಧ ಎಲ್ಲ ಒಂದೇ ಪದಕ್ಕೆ ಅಂಟುವ ಭಾಷೆ ನಮ್ಮದು. ಇಂಗ್ಲಿಷಿನ ಏಳು ಪದದ ಸಾಲು ಇಲ್ಲಿ ಮೂರು ಪದವಾಗುತ್ತದೆ, ಆದರೆ ಅಕ್ಷರ ಹೆಚ್ಚಾಗುತ್ತದೆ. ಮೂಲದ ಒಂದು ಸಾಲಿಗೆ ಕನ್ನಡದ ಒಂದು ಸಾಲು ಎಂದು ಹಟ ಹಿಡಿದರೆ ಪುಟ ತುಂಬ ಒಂಟಿ ಪದಗಳು. ಮೊದಲು ಇಡೀ ಪದ್ಯವನ್ನು ಗದ್ಯವಾಗಿ ಬರೆದು, ಫೋನಿನಲ್ಲಿ ಗೆಳೆಯರಿಗೆ ಹೇಳುವಂತೆ ಬಾಯಿಬಿಟ್ಟು ಹೇಳಿ, ಉಸಿರು ತೆಗೆದುಕೊಂಡ ಕಡೆ ಗೆರೆ ಹಾಕಿ. ಅದೇ ಸಾಲು. ಇಂಗ್ಲಿಷಿನಲ್ಲಿ ಎರಡು ನಿಮಿಷದ ಪದ್ಯ ಹೀಗೆ ಮಾಡಿದರೆ ಎರಡೂವರೆ, ಮೂರು ನಿಮಿಷಕ್ಕೆ ಬರುತ್ತದೆ. ವೇದಿಕೆಯ ಕವಿಯ ಪದ್ಯ ಅದಕ್ಕಿಂತ ಎಳೆದರೆ ಸತ್ತಂತೆ, ವಿಶೇಷಣ ತೆಗೆಯಿರಿ. ಗ್ರೀಕ್ ಕಡೆಯ ಅಜ್ಜಿಯನ್ನು ‘ಯಾಯಾ’ ಎಂದೇ ಬಿಡಿ. ಇಬ್ಬರನ್ನೂ ‘ಅಜ್ಜಿ’ ಮಾಡಿದರೆ ಜಮೈಕಾದ ಅಜ್ಜಿ ಯಾರು, ಸೈಪ್ರಸ್‌ನ ಅಜ್ಜಿ ಯಾರು ತಿಳಿಯುವುದಿಲ್ಲ.

ಓದಿಸುವ ದಿನದ ಲೆಕ್ಕ. ಹದಿನಾರರಿಂದ ಇಪ್ಪತ್ತರ ವಯಸ್ಸಿನ ಹನ್ನೆರಡರಿಂದ ಹದಿನೈದು ಜನ, ಒಂದೂವರೆ ಗಂಟೆ, ಮೂರು ಪದ್ಯ, ಅದಕ್ಕಿಂತ ಹೆಚ್ಚು ಬೇಡ. ಅಕ್ಷರ ಹದಿನಾಲ್ಕು ಪಾಯಿಂಟ್, ಒಂದು ಹಾಳೆಗೆ ಒಂದೇ ಪದ್ಯ. ಪ್ರತಿ ಪದ್ಯ ಎರಡು ಸಲ, ಎರಡು ಬೇರೆ ಬೇರೆ ಧ್ವನಿಯಲ್ಲಿ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕವಿತೆ ಓದುವುದು ಚೆಂದ, ಆದರೆ ಈ ಕವಿತೆಗಳನ್ನಲ್ಲ. ಮೈಸೂರು ಎಷ್ಟೇ ದೊಡ್ಡದಾಗಿರಲಿ, ವಾಕಿಂಗ್ ಬರುವವರಲ್ಲಿ ಒಬ್ಬರಾದರೂ ಯಾರದೋ ಚಿಕ್ಕಪ್ಪ ಆಗಿರುತ್ತಾರೆ. ಬಾಗಿಲು ಹಾಕುವ ಕೋಣೆ ಬೇಕು. ಫೋಟೊ, ರೆಕಾರ್ಡಿಂಗ್ ಇಲ್ಲ ಎಂಬುದನ್ನು ಮೊದಲೇ ಹೇಳಿ. ತಾವು ಬರೆದ ಹಾಳೆಯ ಮೇಲೆ ಯಾರೂ ಹೆಸರು ಹಾಕಬೇಕಿಲ್ಲ, ಓದಲು ಸರದಿ ಬಂದಾಗ ‘ನನ್ನದು ಬೇಡ’ ಎಂದರೆ ಕಾರಣ ಕೇಳಬೇಕಿಲ್ಲ. ಹದಿನೆಂಟು ತುಂಬದವರ ಮನೆಗೆ ಪುಸ್ತಕದಲ್ಲಿ ಏನಿದೆಯೋ ಅದನ್ನೇ ತಿಳಿಸಿ. ‘ಇಂಗ್ಲಿಷ್ ಕವಿತಾ ಶಿಬಿರ’ ಎಂದು ಸುಳ್ಳು ಹೇಳಿ ಕರೆಸಿದರೆ ನಂತರ ಸಿಕ್ಕಿಬೀಳುವುದು ನೀವಲ್ಲ, ಮಕ್ಕಳು.

ಕಾನೂನನ್ನು ಎರಡೇ ವಾಕ್ಯದಲ್ಲಿ ಮುಗಿಸಿ: 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ತೃತೀಯ ಲಿಂಗವನ್ನು ಮಾನ್ಯ ಮಾಡಿತು, 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಅದಕ್ಕಿಂತ ಮುಂದೆ ಹೋದರೆ ಪೌರನೀತಿ ಪಾಠ. ಯಾರಾದರೂ ಪಕ್ಕಕ್ಕೆ ಕರೆದು ಏನಾದರೂ ಹೇಳಿಕೊಂಡರೆ ಕೇಳಿಸಿಕೊಳ್ಳಿ. ಅದು ನಿಮ್ಮ ಹತ್ತಿರವೇ ಇರಲಿ, ಮನೆಗೆ ಫೋನ್ ಮಾಡಿ ‘ನಿಮ್ಮ ಒಳ್ಳೆಯದಕ್ಕೇ’ ಎನ್ನಬೇಡಿ. ಜೀವಕ್ಕೆ ಅಪಾಯವಿದೆ ಎನಿಸಿದರೆ ಆ ಮಾತು ಬೇರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಮಕ್ಕಳ ಸಹಾಯವಾಣಿ 1098. ಎಲ್ಲರ ಹಾಳೆಯ ಕೆಳಗೂ ಇವನ್ನು ಅಚ್ಚು ಹಾಕಿಸಿದರೆ ಯಾರೊಬ್ಬರೂ ಎದ್ದು ಬಂದು ಕೇಳಬೇಕಾಗುವುದಿಲ್ಲ.

ಹಕ್ಕಿನ ಮಾತು: ಕವಿ ನಮ್ಮ ನಡುವೆ ಇರುವವರು, ಅನುವಾದದ ಹಕ್ಕು ಅವರ ಮತ್ತು ಪ್ರಕಾಶಕರ ಕೈಯಲ್ಲಿದೆ. ಕೋಣೆಯೊಳಗೆ ಆಯ್ದ ಭಾಗ ಓದಲು ಅಡ್ಡಿಯಿಲ್ಲ. ನಿಮ್ಮ ಕನ್ನಡ ಕರಡನ್ನು ಜಾಲಕ್ಕೆ ಹಾಕಲು, ಪುಸ್ತಕ ಮಾಡಲು ಬರವಣಿಗೆಯಲ್ಲಿ ಒಪ್ಪಿಗೆ ಬೇಕು. ಮೂಲ ಪುಸ್ತಕದ ಒಂದು ಪ್ರತಿಯನ್ನಾದರೂ ಕೊಂಡು ಮೇಜಿನ ಮೇಲಿಡಿ. ಅಂಶಿಕಾ ಖುಲ್ಲರ್ ಅವರ ಚಿತ್ರಗಳು, ಪುಟಗಳ ಮೇಲೆ ಉದುರಿದ ಗರಿಗಳು, ಜೆರಾಕ್ಸಿನಲ್ಲಿ ಬರಿ ಮಸಿಯಾಗಿ ಬೀಳುತ್ತವೆ.

ಹಾಳೆಗಳನ್ನು ಬಂದವರಿಗಿಂತ ಐದು ಹೆಚ್ಚು ತೆಗೆಸಿ, ಬಾಗಿಲ ಬಳಿ ಇಟ್ಟು, ಮುಗಿದ ಮೇಲೆ ಎಣಿಸಬೇಡಿ.